ಟ್ರೈಲರಿಗೆ ಜಾಕ್ ಕೊಡುವ ಮುನ್ನ

ಅಡಿಕೆ ಕೊನೆ ಇಳಿಸುವ ಕೆಲಸ ಮುಗಿಯುವ ಮೊದಲೇ ಕಾಫಿ ಹಣ್ಣಿನ ಕೊಯ್ಲು ಬರುತ್ತದೆ. ಆ ಮೂರು ನಾಲ್ಕು ತಿಂಗಳು ನಮ್ಮ ತೋಟಗಳಲ್ಲಿ ಎಲ್ಲರಿಗಿಂತ ಹೆಚ್ಚು ದುಡಿಯುವುದು ಟ್ರೈಲರ್. ಹಣ್ಣು ಕಣಕ್ಕೆ ಬರುವುದು ಅದರಲ್ಲಿ, ಒಣಗಿದ ಮಾಲು ಪೇಟೆಗೆ ಹೋಗುವುದು ಅದರಲ್ಲಿ, ಬರುವಾಗ ಗೊಬ್ಬರ, ಸುಣ್ಣ, ಮೈಲುತುತ್ತ ತರುವುದೂ ಅದರಲ್ಲೇ. ಎಂಜಿನ್ನಿಗೆ ಎಣ್ಣೆ ಬದಲಿಸುತ್ತೇವೆ, ಟ್ರ್ಯಾಕ್ಟರಿಗೆ ಆಯುಧ ಪೂಜೆ ಮಾಡುತ್ತೇವೆ. ಹಿಂದೆ ಕಟ್ಟಿಕೊಂಡು ಬರುವ ಟ್ರೈಲರಿನ ಕಡೆ ನಮ್ಮ ಗಮನ ಹೋಗುವುದು ಅದರ ಗಾಲಿ ಪಂಚರ್ ಆದಾಗ ಮಾತ್ರ.

ಈ ಪತ್ರಿಕೆಯಲ್ಲಿ ಕೊಳೆರೋಗ, ಕಾಯಿಕೊರಕ, ಬೋರ್ಡೋ ದ್ರಾವಣ ಮುಂತಾದ ವಿಷಯಗಳ ಬಗ್ಗೆ ಓದಿ ರೂಢಿಯಾದ ಸದಸ್ಯ ಬಾಂಧವರಿಗೆ, ಕಾರ್ಯದರ್ಶಿ ಪಂಚರ್ ಬಗ್ಗೆ ಬರೆಯುವುದು ತಮಾಷೆಯಾಗಿ ಕಂಡೀತು. ಗಾಲಿ ಬದಲಿಸಲು ಯಾರಿಗೆ ಬರುವುದಿಲ್ಲ ಎಂದು ಕೇಳಬಹುದು. ನಿಜ, ಬದಲಿಸಲು ಎಲ್ಲರಿಗೂ ಬರುತ್ತದೆ. ಆದರೆ ಜಾಕ್ ಎಂಬ ಉಪಕರಣ ಏನು ಮಾಡುತ್ತದೆ, ಏನು ಮಾಡುವುದಿಲ್ಲ ಎಂಬುದನ್ನು ಸರಿಯಾಗಿ ತಿಳಿಯದೆ ನಾನೊಮ್ಮೆ ಕೆಲಸ ಮಾಡಿಸಿದೆ. ಅದರ ಬೆಲೆಯನ್ನು ಬೇರೊಬ್ಬನು ತೆತ್ತ. ಆದ್ದರಿಂದ ಈ ಲೇಖನ.

ಅಂದು ನಡೆದದ್ದು

1998ರ ಜನವರಿ. ಒಣ ಚೆರ್ರಿ ತುಂಬಿದ 40 ಮೂಟೆ ಹೇರಿಕೊಂಡು ಟ್ರ್ಯಾಕ್ಟರ್ ನಮ್ಮ ಕಣದಿಂದ ಹೊರಟಿತ್ತು. ಗೇಟು ದಾಟಿದ ಕೂಡಲೇ ಸಿಗುವ ಇಳಿಜಾರಿನಲ್ಲಿ ಟ್ರೈಲರಿನ ಎಡಗಾಲಿ ಕೂತುಬಿಟ್ಟಿತು. ಪೇಟೆಯಲ್ಲಿ ವ್ಯಾಪಾರಿಯ ಲಾರಿ ಕಾದಿತ್ತು. ಸಂಜೆ ನಾಲ್ಕು ಗಂಟೆಯಾಗಿತ್ತು.

ನಮ್ಮ ಡ್ರೈವರ್ ಇಳಿದು ನೋಡಿ, "ಅಯ್ಯಾ, ನೆಲ ಇಳಿಜಾರು ಐತೆ. ಅರ್ಧ ಮೂಟೆನಾದ್ರೂ ಇಳಿಸ್ಕಂಡು ಜಾಕ್ ಕೊಡಾಣ," ಎಂದ. ನಾನು ಗಡಿಯಾರ ನೋಡಿಕೊಂಡೆ. "ಇಳಿಸಿ ಹೇರುವಷ್ಟರಲ್ಲಿ ಕತ್ತಲಾಗುತ್ತೆ ಮಾರಾಯ, ಹಾಗೇ ಎತ್ತು," ಎಂದೆ.

ಜಾಕಿನ ಅಡಿಗೆ ಹಲಗೆ ಇರಲಿಲ್ಲ. ಪಕ್ಕದ ಪಾಗಾರದಿಂದ ಬಿದ್ದಿದ್ದ ಜಂಬಿಟ್ಟಿಗೆಯ ತುಂಡೊಂದನ್ನು ಕೊಟ್ಟೆವು. ಗಾಲಿ ಮೇಲೆದ್ದಿತು, ನಟ್ಟು ಬಿಚ್ಚಿದ್ದಾಯಿತು, ಗಾಲಿಯನ್ನು ಹೊರಗೆ ಎಳೆದದ್ದೂ ಆಯಿತು. ಒಂದು ನಟ್ಟು ಉರುಳಿ ಒಳಗೆ ಹೋಯಿತು. ಅದನ್ನು ತೆಗೆಯಲು ಆತ ಕೈ ಹಾಕಿದ. ಅದೇ ಹೊತ್ತಿಗೆ ಜಂಬಿಟ್ಟಿಗೆ ಒಡೆದು ಜಾಕ್ ವಾಲಿತು, ಗಾಲಿಯ ಹಬ್ ಅವನ ಬಲಗೈಯ ಮೇಲೆ ಕೂತಿತು.

ನಾಲ್ಕು ಜನ ಭುಜ ಕೊಟ್ಟರೂ ಟ್ರೈಲರ್ ಅಲುಗಲಿಲ್ಲ. ಕೊನೆಗೆ ಮೂಟೆಗಳನ್ನು ಕೆಳಗೆ ತಳ್ಳಿ, ಹಾರೆ ಹಾಕಿ ಎತ್ತಿ ಕೈ ಬಿಡಿಸಬೇಕಾಯಿತು. ಆತ ಮೊದಲೇ ಮಾಡೋಣವೆಂದಿದ್ದ ಕೆಲಸವನ್ನೇ ನಾವು ಕಡೆಗೆ ಮಾಡಿದ್ದು. ಎರಡು ಬೆರಳು ಉಳಿಯಲಿಲ್ಲ. ಅಂದಿನಿಂದ ಆತ ಕೂಲಿ ಪುಸ್ತಕದಲ್ಲಿ ಎಡಗೈಯಿಂದ ರುಜು ಹಾಕುತ್ತಾನೆ. ಆಸ್ಪತ್ರೆಯ ಖರ್ಚು, ಪರಿಹಾರ ಎಲ್ಲವನ್ನೂ ಕೊಟ್ಟದ್ದಾಯಿತು. ತಪ್ಪು ನನ್ನದೆಂಬ ಲೆಕ್ಕ ಅದರಿಂದ ಮುಗಿಯಲಿಲ್ಲ.

ಜಾಕ್ ಎತ್ತಲು ಮಾತ್ರ

ನಮ್ಮಲ್ಲಿ ಬಳಕೆಯಲ್ಲಿರುವ ಜಾಕ್‌ಗಳು ಮುಖ್ಯವಾಗಿ ಎರಡು ಬಗೆ. ಒಂದು ಸ್ಕ್ರೂ ಜಾಕ್, ಇನ್ನೊಂದು ಹೈಡ್ರಾಲಿಕ್ ಬಾಟ್ಲಿ ಜಾಕ್. ಎರಡನೆಯದರ ಹಿಂದಿರುವ ತತ್ವವನ್ನು ಫ್ರಾನ್ಸಿನ ವಿಜ್ಞಾನಿ ಬ್ಲೇಸ್ ಪ್ಯಾಸ್ಕಲ್ 17ನೆಯ ಶತಮಾನದಲ್ಲಿ ವಿವರಿಸಿದ. ಅದನ್ನು ಬಳಸಿ ಇಂಗ್ಲೆಂಡಿನ ಜೋಸೆಫ್ ಬ್ರಾಮಾ 1795ರಲ್ಲಿ ಹೈಡ್ರಾಲಿಕ್ ಪ್ರೆಸ್ಸಿಗೆ ಪೇಟೆಂಟ್ ಪಡೆದ. ಸಣ್ಣ ಪಿಸ್ಟನ್ನಿನ ಮೇಲೆ ನಾವು ಹಾಕುವ ಒತ್ತಡ ಎಣ್ಣೆಯ ಮೂಲಕ ದೊಡ್ಡ ಪಿಸ್ಟನ್ನಿಗೆ ಹೋಗುತ್ತದೆ. ದೊಡ್ಡದರ ವಿಸ್ತೀರ್ಣ ಹತ್ತು ಪಟ್ಟಿದ್ದರೆ ಬಲವೂ ಹತ್ತು ಪಟ್ಟಾಗುತ್ತದೆ. ಒಬ್ಬನೇ ಮನುಷ್ಯ ಟನ್ನುಗಟ್ಟಲೆ ಭಾರ ಎತ್ತುವುದು ಹೀಗೆ.

ಆದರೆ ಎತ್ತಿದ ಮೇಲೆ ಅಷ್ಟೂ ಭಾರ ಒಳಗಿನ ಎಣ್ಣೆಯ ಮೇಲೆ, ಅದನ್ನು ತಡೆದು ಹಿಡಿದ ರಬ್ಬರ್ ವಾಷರಿನ ಮೇಲೆ ನಿಂತಿರುತ್ತದೆ ಎಂಬುದನ್ನು ಮರೆಯಬಾರದು. ವಾಷರ್ ಹಳತಾಗಿದ್ದರೆ ಜಾಕ್ ಮೆಲ್ಲಗೆ ಇಳಿಯುತ್ತದೆ, ಕೆಲವೊಮ್ಮೆ ಒಮ್ಮೆಲೇ ಇಳಿಯುತ್ತದೆ. ಸ್ಕ್ರೂ ಜಾಕಿಗೆ ವಾಷರಿನ ಭಯವಿಲ್ಲ. ಆದರೆ ಎರಡೂ ಬಗೆಯ ಜಾಕ್‌ಗಳು ಅಂಗೈಯಗಲದ ತಳದ ಮೇಲೆ ಕಂಬದಂತೆ ನಿಲ್ಲುವಂಥವು. ಟ್ರೈಲರ್ ನಾಲ್ಕು ಬೆರಳಿನಷ್ಟು ಮುಂದೆ ಅಥವಾ ಹಿಂದೆ ಸರಿದರೂ ಆ ಕಂಬ ವಾಲುತ್ತದೆ.

ನಮ್ಮ ಹಿರಿಯರು ಎತ್ತಿನ ಗಾಡಿಗೆ ಕೀಲೆಣ್ಣೆ ಹಾಕುವಾಗ ಕಡಾಣಿ ತೆಗೆಯುವ ಮೊದಲು ಅಚ್ಚಿಗೆ ಗಟ್ಟಿಯಾದ ಊರೆ ಕೊಡುತ್ತಿದ್ದರು. ಎತ್ತುವ ಕೆಲಸ ಬೇರೆ, ಹೊರುವ ಕೆಲಸ ಬೇರೆ ಎಂಬುದು ಅವರಿಗೆ ಗೊತ್ತಿತ್ತು. ನಾವು ಜಾಕ್ ಬಂದ ಮೇಲೆ ಎರಡೂ ಕೆಲಸವನ್ನು ಅದರ ತಲೆಗೇ ಹಾಕಿದೆವು. ಈ ಲೇಖನದಿಂದ ಒಂದೇ ಮಾತನ್ನು ನೆನಪಿಡುವುದಾದರೆ ಅದು ಇದು: ಜಾಕ್ ಇರುವುದು ಎತ್ತುವುದಕ್ಕೆ, ಭಾರ ಹೊರಲು ಬೇರೆ ಆಧಾರ ಕೊಟ್ಟ ಮೇಲೆಯೇ ಗಾಲಿ ಕಳಚಬೇಕು.

ಜಾಗ ಮತ್ತು ಬೆಣೆ

ಪಂಚರ್ ಆದ ಜಾಗವೇ ಗಾಲಿ ಬದಲಿಸುವ ಜಾಗವಾಗಬೇಕಿಲ್ಲ. ಇಳಿಜಾರಿನಲ್ಲಿದ್ದರೆ ನಡಿಗೆಯ ವೇಗದಲ್ಲಿ ಮಟ್ಟವಾದ, ಗಟ್ಟಿಯಾದ ಜಾಗಕ್ಕೆ ಒಯ್ಯಿರಿ. ಟ್ಯೂಬು ಹಾಳಾದೀತು, ಟೈರೂ ಹೋದೀತು. ಮನುಷ್ಯನ ಕೈಗಿಂತ ಅವು ಅಗ್ಗ. ಇಳಿಜಾರು ಎಷ್ಟು ಕೆಟ್ಟದ್ದೆಂಬುದಕ್ಕೆ ಒಂದು ಲೆಕ್ಕ: ಹತ್ತು ಅಡಿಗೆ ಒಂದು ಅಡಿ ಇಳಿಯುವ ರಸ್ತೆಯಲ್ಲಿ 3 ಟನ್ ತೂಕದ ಟ್ರೈಲರ್ ಕೆಳಮುಖವಾಗಿ ಸುಮಾರು 300 ಕಿಲೋ ಭಾರದಷ್ಟು ತಳ್ಳುತ್ತಿರುತ್ತದೆ. ನಮ್ಮ ಅನೇಕ ಟ್ರೈಲರುಗಳಿಗೆ ಸ್ವಂತ ಬ್ರೇಕೇ ಇರುವುದಿಲ್ಲ. ತಡೆಯುವುದು ಟ್ರ್ಯಾಕ್ಟರಿನ ಬ್ರೇಕ್ ಒಂದೇ.

ಟ್ರ್ಯಾಕ್ಟರನ್ನು ಟ್ರೈಲರಿನಿಂದ ಬಿಚ್ಚಬಾರದು. ಎರಡು ಗಾಲಿಯ ಟ್ರೈಲರಿನ ಭಾರದ ಒಂದು ಪಾಲು ಮೂಕಿಯ ಮೇಲೆ, ಅಂದರೆ ಟ್ರ್ಯಾಕ್ಟರಿನ ಕೊಂಡಿಯ ಮೇಲೆ ನಿಂತಿರುತ್ತದೆ. ಎತ್ತಿನ ಗಾಡಿ ಹಿಂಭಾರವಾದರೆ ಮೂಕಿ ಮೇಲೇಳುವುದನ್ನು ನೋಡಿದವರಿಗೆ ಇದನ್ನು ಹೇಳಬೇಕಾಗಿಲ್ಲ. ಬಿಚ್ಚಿದ ಟ್ರೈಲರಿಗೆ ಜಾಕ್ ಕೊಟ್ಟರೆ ಅದು ಮುಂದಕ್ಕೋ ಹಿಂದಕ್ಕೋ ಮಗುಚಬಹುದು. ನಾಲ್ಕು ಗಾಲಿಯ ಟ್ರೈಲರಿನಲ್ಲಿ ಮುಂದಿನ ಅಚ್ಚು ತಿರುಗುವಂಥದ್ದಾದ್ದರಿಂದ ಅದನ್ನು ನೇರವಾಗಿ ನಿಲ್ಲಿಸಿ ಎರಡೂ ಕಡೆ ಬೆಣೆ ಕೊಡಬೇಕು.

ಎಂಜಿನ್ ನಿಲ್ಲಿಸಿ, ಗೇರಿಗೆ ಹಾಕಿ, ಬ್ರೇಕ್ ಲಾಕ್ ಮಾಡಿ, ಕೀಲಿಕೈ ತೆಗೆದುಕೊಳ್ಳಿ. ಆಮೇಲೆ ಎದುರು ಬದಿಯ ಗಾಲಿಗೆ, ಟ್ರ್ಯಾಕ್ಟರಿನ ಎರಡು ದೊಡ್ಡ ಗಾಲಿಗಳಿಗೆ ಮುಂದೆಯೂ ಹಿಂದೆಯೂ ಮರದ ಬೆಣೆ ಕೊಡಿ. ದುಂಡು ಕಲ್ಲು ಗಾಲಿಯೊಡನೆ ತಾನೂ ಉರುಳುತ್ತದೆ. ಡಾಂಬರು ರಸ್ತೆಯಲ್ಲಿ ಕಲ್ಲು ಕೊಟ್ಟವರು ಕೆಲಸ ಮುಗಿದ ಮೇಲೆ ಅದನ್ನು ಅಲ್ಲೇ ಬಿಟ್ಟು ಹೋಗುವ ಕೆಟ್ಟ ಚಾಳಿಯೊಂದು ನಮ್ಮಲ್ಲಿದೆ. ರಾತ್ರಿ ಬೈಕಿನಲ್ಲಿ ಬರುವವನು ಅದಕ್ಕೆ ಗುದ್ದಿದರೆ ಆ ಪಾಪ ಯಾರದು? ಬಂದ ಕಲ್ಲು ಬಂದಲ್ಲಿಗೇ ಹೋಗಬೇಕು. ತಿರುವಿನಲ್ಲಿ ನಿಲ್ಲಬೇಕಾಗಿ ಬಂದರೆ ಕೆಂಪು ತ್ರಿಕೋನವನ್ನು ದೂರದಲ್ಲಿಡಿ, ಒಬ್ಬನನ್ನು ಕೆಂಪು ಬಟ್ಟೆ ಹಿಡಿದು ನಿಲ್ಲಿಸಿ.

ಮೂಟೆ ಇಳಿಸುವ ವಿಚಾರ

ನಾನು ಅಂದು ಉಳಿಸಲು ಹೋದ ಸಮಯ ಎಷ್ಟು? 40 ಮೂಟೆ ಇಳಿಸಲು ನಾಲ್ಕು ಜನಕ್ಕೆ ಹದಿನೈದು ಇಪ್ಪತ್ತು ನಿಮಿಷ, ಮತ್ತೆ ಹೇರಲು ಅರ್ಧ ಗಂಟೆ. ಅದರಿಂದಾಗುವ ವ್ಯತ್ಯಾಸ ನೋಡಿ. ಖಾಲಿ ಟ್ರೈಲರ್ ಒಂದು ಟನ್, 50 ಕಿಲೋದ 40 ಮೂಟೆ ಎರಡು ಟನ್, ಒಟ್ಟು ಮೂರು ಟನ್. ಮೂಕಿಯ ಮೇಲೆ ಅರ್ಧ ಟನ್ ಬಿದ್ದಿತೆಂದುಕೊಂಡರೂ ಒಂದೊಂದು ಗಾಲಿಯ ಮೇಲೆ 1,250 ಕಿಲೋ. ಮೂಟೆ ಇಳಿಸಿದ ಮೇಲೆ ಗಾಲಿಯೊಂದಕ್ಕೆ 500 ಕಿಲೋವನ್ನೂ ಮೀರದು.

ಭಾರ ಕಡಿಮೆಯಾಗುವುದಷ್ಟೇ ಅಲ್ಲ, ಅದು ಕೆಳಗೂ ಇಳಿಯುತ್ತದೆ. ಒಂದು ಬದಿ ಎತ್ತಿದಾಗ ಎತ್ತರಕ್ಕೆ ಪೇರಿಸಿದ ಮೂಟೆಗಳು ಇನ್ನೊಂದು ಬದಿಗೆ ವಾಲಿ ಟ್ರೈಲರನ್ನು ಎಳೆಯುತ್ತವೆ. ಪೂರ್ತಿ ಇಳಿಸಲು ಆಗದಿದ್ದರೆ ಮೇಲಿನ ಸಾಲುಗಳನ್ನಾದರೂ ಇಳಿಸಬೇಕು. ಮೂಟೆಗಳ ಮೇಲೆ ಕುಳಿತ ಆಳುಗಳನ್ನು ಮೊದಲು ಇಳಿಸಬೇಕೆಂದು ಬೇರೆ ಹೇಳಬೇಕೆ?

ಜಾಕಿನ ತಳಕ್ಕೆ ಹಲಗೆ

ಜಾಕಿನ ತಳ 4 ಅಂಗುಲ ಚೌಕವಿದ್ದರೆ ಅದರ ವಿಸ್ತೀರ್ಣ 16 ಚದರ ಅಂಗುಲ. 1,250 ಕಿಲೋ ಅದರ ಮೇಲೆ ಕುಳಿತರೆ ಚದರ ಅಂಗುಲಕ್ಕೆ ಸುಮಾರು 78 ಕಿಲೋ. ಮಳೆಗಾಲದ ನಮ್ಮ ಕೆಂಪು ಮಣ್ಣು ಇದನ್ನು ತಡೆಯುವುದಿಲ್ಲ. ಅದೇ ಜಾಕಿನಡಿಗೆ 12 ಅಂಗುಲ ಅಗಲ, 18 ಅಂಗುಲ ಉದ್ದ, 2 ಅಂಗುಲ ದಪ್ಪದ ಗಟ್ಟಿ ಹಲಗೆ ಇಟ್ಟರೆ ಒತ್ತಡ ಹರಡಿಕೊಂಡು ಚದರ ಅಂಗುಲಕ್ಕೆ 6 ಕಿಲೋದ ಒಳಗೆ ಬರುತ್ತದೆ.

ಗಾಳಿ ಹೋದ ಗಾಲಿಯಿಂದಾಗಿ ಅಚ್ಚು ತಗ್ಗಿರುತ್ತದೆ. ಹಲಗೆ ಇಟ್ಟರೆ ಜಾಕ್ ಅದರಡಿಗೆ ಹೋಗುವುದಿಲ್ಲವೆಂಬ ದೂರು ಸಾಮಾನ್ಯ. ಇದಕ್ಕೆ ಉಪಾಯವಿದೆ. ಇನ್ನೊಂದು ಹಲಗೆಯನ್ನು ಪಂಚರಾದ ಗಾಲಿಯ ಮುಂದಿಟ್ಟು, ಟ್ರ್ಯಾಕ್ಟರನ್ನು ಮೆಲ್ಲಗೆ ನಡೆಸಿ ಗಾಲಿಯನ್ನು ಅದರ ಮೇಲೆ ಹತ್ತಿಸಿ. ಎರಡು ಅಂಗುಲ ಎತ್ತರ ಸಿಗುತ್ತದೆ. ಬೆಣೆ ಕೊಡುವುದು ಇದಾದ ಮೇಲೆ. ಜಾಕ್ ಗಿಡ್ಡವಾಯಿತೆಂದು ಅದರ ತಲೆಯ ಮೇಲೆ ಕಲ್ಲೋ ಮರದ ಚೂರೋ ಇಟ್ಟು ಎತ್ತುವುದನ್ನು ಯಾವ ಕಾರಣಕ್ಕೂ ಮಾಡಬಾರದು.

ಕೆಲಸದ ಕ್ರಮ

1. ಗಾಲಿ ನೆಲದ ಮೇಲಿರುವಾಗಲೇ ಪ್ರತಿಯೊಂದು ನಟ್ಟನ್ನೂ ಅರ್ಧ ಸುತ್ತು ಸಡಿಲಿಸಿ. ಬಿಚ್ಚಿ ತೆಗೆಯಬೇಡಿ. ಬಿಗಿ ನಟ್ಟಿನ ಮೇಲೆ ಬಲ ಹಾಕುವುದೆಲ್ಲ ಈಗಲೇ ಮುಗಿಯಬೇಕು. ಟ್ರೈಲರ್ ಮೇಲೆದ್ದ ಮೇಲೆ ಸ್ಪ್ಯಾನರಿನ ಮೇಲೆ ಹತ್ತಿ ಜಗ್ಗಿದರೆ ಜಾಕ್ ಜಾರುತ್ತದೆ.

2. ಜಾಕನ್ನು ಅಚ್ಚಿನ ಕೆಳಗೆ, ಸ್ಪ್ರಿಂಗ್ ಪಟ್ಟಿಯ ಹತ್ತಿರ, ಚಪ್ಪಟೆಯಾದ ಜಾಗ ನೋಡಿ ನೆಟ್ಟಗೆ ನಿಲ್ಲಿಸಿ. ಯು-ಬೋಲ್ಟಿನ ತುದಿಯ ಮೇಲೆ, ಟ್ರೈಲರಿನ ತಗಡಿನ ಮೇಲೆ ಕೊಡಬೇಡಿ.

3. ಸ್ವಲ್ಪ ಎತ್ತಿ ನಿಲ್ಲಿಸಿ, ಎದ್ದು ದೂರ ಬಂದು ನೋಡಿ. ಜಾಕ್ ನೆಟ್ಟಗಿದೆಯೇ? ಹಲಗೆ ಒಂದು ಬದಿಗೆ ಕುಸಿದಿದೆಯೇ? ಬೆಣೆ ಸರಿದಿದೆಯೇ? ಯಾವುದಾದರೂ ಸರಿಯಿಲ್ಲದಿದ್ದರೆ ಇಳಿಸಿ ಮತ್ತೆ ಮೊದಲಿನಿಂದ ಶುರು ಮಾಡಿ. ವಾಲಿದ ಜಾಕನ್ನು ಸುತ್ತಿಗೆಯಿಂದ ಬಡಿದು ನೆಟ್ಟಗೆ ಮಾಡಲು ಹೋಗಬೇಡಿ.

4. ಗಾಳಿ ತುಂಬಿದ ಗಾಲಿ ಹೆಚ್ಚು ಜಾಗ ಬೇಡುತ್ತದೆ. ಅದು ಹಿಡಿಯುವಷ್ಟು ಎತ್ತಿದರೆ ಸಾಕು.

5. ಈಗ ಅಚ್ಚಿನಡಿಗೆ ಕಬ್ಬಿಣದ ಸ್ಟ್ಯಾಂಡ್ ಇಡಿ, ಇಲ್ಲವೇ ಮರದ ತುಂಡುಗಳನ್ನು ಎರಡು ಅಡ್ಡ, ಎರಡು ಉದ್ದ ಎಂಬಂತೆ ಪೇರಿಸಿ. ಜಾಕನ್ನು ಮೆಲ್ಲಗೆ ಇಳಿಸಿ ಭಾರವನ್ನು ಅದರ ಮೇಲೆ ಕೂರಿಸಿ. ಜಾಕ್ ಅಲ್ಲೇ ತಗುಲಿಕೊಂಡಿರಲಿ. ಎಲ್ಲಕ್ಕಿಂತ ಮುಖ್ಯವಾದ ಹಂತ ಇದು, ನಾವು ಹೆಚ್ಚಾಗಿ ಬಿಡುವ ಹಂತವೂ ಇದೇ.

6. ಸ್ಟೆಪ್ನಿಯನ್ನು ಟ್ರೈಲರಿನ ಚಾಸಿಯ ಕೆಳಗೆ ಅಡ್ಡ ಮಲಗಿಸಿ. ಪಂಚರ್ ಗಾಲಿ ಕಳಚಿದ ಮೇಲೆ ಅದನ್ನು ಒಳಗೆ ತಳ್ಳಿ ಸ್ಟೆಪ್ನಿಯನ್ನು ಹೊರಗೆ ತೆಗೆಯಿರಿ. ಏನೇ ಕುಸಿದರೂ ಟ್ರೈಲರ್ ಪೂರ್ತಿ ನೆಲಕ್ಕೆ ಬಡಿಯುವುದಿಲ್ಲ.

7. ಗಾಲಿಯನ್ನು ಕೂರಿಸುವಾಗ ಎದೆ, ಕಾಲು ಒಳಗೆ ಹೋಗಬಾರದು. ಗಾಲಿಯಡಿಗೆ ಹಾರೆ ಹಾಕಿ ಮೀಟಿದರೆ ಸುಲಭವಾಗಿ ಏರುತ್ತದೆ. ಉರುಳಿದ ನಟ್ಟನ್ನು ಕಡ್ಡಿಯಿಂದ ಎಳೆದುಕೊಳ್ಳಿ, ಕೈ ಹಾಕಬೇಡಿ.

8. ನಟ್ಟಿನ ಇಳಿಜಾರು ಮುಖ ರಿಮ್ಮಿನ ಕಡೆಗಿರಲಿ. ಒಂದಾದ ಮೇಲೆ ಅದರ ಎದುರಿನದು ಎಂಬ ಕ್ರಮದಲ್ಲಿ ಬಿಗಿಯಿರಿ. ಆಧಾರ ತೆಗೆದು ಗಾಲಿ ನೆಲ ಮುಟ್ಟಿದ ಮೇಲೆ ಪೂರ್ತಿ ಬಿಗಿಯಿರಿ. ಒಂದೆರಡು ಕಿಲೋಮೀಟರ್ ಹೋದ ಮೇಲೆ ನಿಲ್ಲಿಸಿ ಇನ್ನೊಮ್ಮೆ ನೋಡಿ.

ಎಂಥ ಮರ, ಎಂಥ ಕಲ್ಲು

ಆಧಾರಕ್ಕೆ ಏನು ಕೊಡಬೇಕೆಂಬುದರಲ್ಲಿ ತೋಟದವರು ತಪ್ಪುವುದೇ ಹೆಚ್ಚು. ಜಂಬಿಟ್ಟಿಗೆ, ಇಟ್ಟಿಗೆ, ಸಿಮೆಂಟ್ ಬ್ಲಾಕು ಗೋಡೆಗೆ ಸರಿ. ಒಂದು ಮೂಲೆಗೆ ಭಾರ ಬಿದ್ದರೆ ಮುನ್ಸೂಚನೆಯಿಲ್ಲದೆ ಸೀಳುತ್ತವೆ. ಅಡಿಕೆ ಮರದ ತುಂಡು ಕೈಗೆ ಬೇಗ ಸಿಗುತ್ತದೆ, ಆದರೆ ಹೊರಗೆ ಗಟ್ಟಿ, ಒಳಗೆ ಮೆದು. ಸಾಲದ್ದಕ್ಕೆ ದುಂಡಗಿದ್ದು ಉರುಳುತ್ತದೆ. ಮತ್ತಿ, ನಂದಿ, ಹೊನ್ನೆಯಂಥ ಗಟ್ಟಿ ಮರದ, ನಾಲ್ಕೂ ಮುಖ ಕೊಯ್ದ, 4 ಅಂಗುಲ ದಪ್ಪ, ಒಂದೂವರೆ ಅಡಿ ಉದ್ದದ ತುಂಡುಗಳು ಒಳ್ಳೆಯವು. ಗಟ್ಟಿ ಮರವನ್ನು ಕಷ್ಟವೆಂದರೂ ಹೀಗಾದರೂ ಸೂಚನೆಯಿದೆ: ಅದು ಮುರಿಯುವ ಮೊದಲು ಸದ್ದು ಮಾಡುತ್ತದೆ, ಮನುಷ್ಯ ಹಿಂದೆ ಸರಿಯಲು ಒಂದು ಗಳಿಗೆ ಕೊಡುತ್ತದೆ.

ಪವರ್ ಟಿಲ್ಲರ್ ಇರುವವರಿಗೆ

ಸಣ್ಣ ಬೆಳೆಗಾರರಲ್ಲಿ ಅನೇಕರ ಬಳಿ ಇರುವುದು ಪವರ್ ಟಿಲ್ಲರ್. ಟ್ರೈಲರ್ ಚಿಕ್ಕದೆಂದು ಉದಾಸೀನ ಬೇಡ. ಒಂದೂವರೆ ಟನ್ ಹೊತ್ತ ಚಿಕ್ಕ ಟ್ರೈಲರ್ ಕೈ ಜಜ್ಜಲು ಸಾಕಷ್ಟು ದೊಡ್ಡದು. ಟಿಲ್ಲರಿನ ಕೊಂಡಿ ಎರಡೂ ಬದಿಗೆ ತಿರುಗುವಂಥದ್ದು. ಟ್ರೈಲರಿನ ಒಂದು ಬದಿ ಎತ್ತಿದಾಗ ಟಿಲ್ಲರ್ ಹೊರಳಿ, ಉದ್ದನೆಯ ಹ್ಯಾಂಡಲ್ ಪಕ್ಕದಲ್ಲಿರುವವನಿಗೆ ಬಡಿಯಬಹುದು. ಆದ್ದರಿಂದ ಟಿಲ್ಲರನ್ನು ಟ್ರೈಲರಿಗೆ ನೇರವಾಗಿ ನಿಲ್ಲಿಸಿ ಅದರ ಎರಡು ಗಾಲಿಗೂ ಬೆಣೆ ಕೊಡಿ, ಹ್ಯಾಂಡಲಿನ ಹತ್ತಿರ ಯಾರೂ ನಿಲ್ಲದಿರಲಿ.

ಬೋಲ್ಟು ಯಾವುದೆಂದು ನೋಡಿ

ಕೆಲವು ಚಿಕ್ಕ ಗಾಲಿಗಳ ರಿಮ್ಮು ಎರಡು ಹೋಳಿನದು. ಒಂದು ಸಾಲು ಬೋಲ್ಟು ಗಾಲಿಯನ್ನು ಹಬ್ಬಿಗೆ ಹಿಡಿದಿರುತ್ತದೆ, ಇನ್ನೊಂದು ಸಾಲು ಎರಡು ಹೋಳುಗಳನ್ನು ಒಂದಕ್ಕೊಂದು ಹಿಡಿದಿರುತ್ತದೆ. ಟೈರಿನಲ್ಲಿ ಗಾಳಿಯಿರುವಾಗ ಎರಡನೆಯ ಸಾಲನ್ನು ಬಿಚ್ಚಿದರೆ ರಿಮ್ಮು ಗುಂಡಿನಂತೆ ಸಿಡಿಯುತ್ತದೆ. ದೊಡ್ಡ ಟ್ರೈಲರುಗಳಲ್ಲಿ ಕಬ್ಬಿಣದ ಲಾಕ್ ರಿಂಗ್ ಇರುವ ರಿಮ್ಮಿನದೂ ಇದೇ ಅಪಾಯ. ಮೊದಲು ವಾಲ್ವಿನ ಪಿನ್ನು ತೆಗೆದು ಗಾಳಿಯನ್ನು ಪೂರ್ತಿ ಬಿಡಬೇಕು. ಗಾಳಿ ತುಂಬುವಾಗ ರಿಂಗಿನ ಎದುರು ನಿಲ್ಲಬಾರದು, ರಿಂಗ್ ಕೂರಲಿಲ್ಲವೆಂದು ಸುತ್ತಿಗೆಯಿಂದ ಬಡಿಯಲೂ ಬಾರದು. ಈ ಕೆಲಸವನ್ನು ಪಂಚರ್ ಅಂಗಡಿಯವರಿಗೇ ಬಿಡುವುದು ಲೇಸು.

ಟ್ರೈಲರಿನ ಜೊತೆ ಇರಬೇಕಾದ ಸಾಮಾನು

ಹಳೆಯ ಗೋಣಿಚೀಲವೊಂದರಲ್ಲಿ ಇವಿಷ್ಟು ಸದಾ ಟ್ರೈಲರಿನ ಜೊತೆ ಇರಲಿ: ಸುಸ್ಥಿತಿಯಲ್ಲಿರುವ ಜಾಕ್ ಮತ್ತು ಅದರ ಹಿಡಿ, ನಟ್ಟಿಗೆ ಸರಿಯಾಗಿ ಕೂರುವ ಸ್ಪ್ಯಾನರ್, ಎರಡು ಹಲಗೆ, ಆರು ಬೆಣೆ, ಒಂದು ಸ್ಟ್ಯಾಂಡ್ ಅಥವಾ ಎಂಟು ಮರದ ತುಂಡು, ಕೆಂಪು ತ್ರಿಕೋನ, ಟಾರ್ಚು. ಜಾಕಿನ ಮೈಮೇಲೆ ಬರೆದಿರುವ ಟನ್ನು ಎತ್ತಬೇಕಾದ ಭಾರದ ಎರಡರಷ್ಟಾದರೂ ಇರಲಿ. ಎಣ್ಣೆ ಕಡಿಮೆಯಾದರೆ ಹೈಡ್ರಾಲಿಕ್ ಎಣ್ಣೆಯನ್ನೇ ಹಾಕಿ. ಬ್ರೇಕ್ ಆಯಿಲ್ ಹಾಕಿದರೆ ವಾಷರ್ ಹಾಳಾಗುತ್ತದೆ. ಕೊಯ್ಲಿಗೆ ಮುಂಚೆ ಒಂದು ದಿನ ಕಣದಲ್ಲಿ ಖಾಲಿ ಟ್ರೈಲರಿಗೆ ಜಾಕ್ ಕೊಟ್ಟು ಹತ್ತು ನಿಮಿಷ ಬಿಡಿ. ಅದು ಇಳಿದರೆ ರಿಪೇರಿಗೆ ಕಳಿಸಿ. ಯಾರಿಗಾದರೂ ಪೆಟ್ಟಾದರೆ 108ಕ್ಕೆ ಕರೆ ಮಾಡಬೇಕೆಂಬುದು ಆಳುಗಳಿಗೆಲ್ಲ ತಿಳಿದಿರಲಿ.

ಮರದ ತುಂಡು, ಹಲಗೆ, ಬೆಣೆಗಳಿಗೆ ದುಡ್ಡು ಹೆಚ್ಚೇನೂ ಬೇಕಿಲ್ಲ. ತೋಟದಲ್ಲಿ ಬಿದ್ದ ಮರದಿಂದ ಬಡಗಿ ಒಂದು ಮಧ್ಯಾಹ್ನದಲ್ಲಿ ಮಾಡಿಕೊಡುತ್ತಾನೆ. ಸ್ಟ್ಯಾಂಡ್‌ಗಳನ್ನು ಸಂಘದ ಮೂಲಕ ಒಟ್ಟಿಗೆ ಖರೀದಿಸಿದರೆ ಸದಸ್ಯರಿಗೆ ಅಗ್ಗವಾಗುತ್ತದೆ. ಬೇಕಾದವರು ಕಚೇರಿಯಲ್ಲಿ ಹೆಸರು ಬರೆಸಬೇಕೆಂದು ವಿನಂತಿ. ಮುಂದಿನ ಮಾಸಿಕ ಸಭೆಯ ದಿನ ಗೋದಾಮಿನ ಅಂಗಳದಲ್ಲಿ ಈ ಕ್ರಮವನ್ನು ಮಾಡಿ ತೋರಿಸುವ ವ್ಯವಸ್ಥೆಯಿದೆ. ಸದಸ್ಯರು ತಾವು ಬರುವುದರ ಜೊತೆಗೆ ತಮ್ಮ ಡ್ರೈವರನ್ನೂ ಕರೆತರಬೇಕು. ಜಾಕ್ ಕೊಡುವವನು ಅವನು. ಕೈ ಒಳಗೆ ಹೋಗುವುದು ಅವನದು.

ಮಾಡಿ ತೋರಿಸುವವನು ನಮ್ಮ ಆ ಡ್ರೈವರೇ. ಇಪ್ಪತ್ತೈದು ವರ್ಷಕ್ಕೂ ಹೆಚ್ಚು ಕಾಲದಿಂದ ಆತ ನಮ್ಮ ಟ್ರೈಲರಿನ ಗಾಲಿ ಬದಲಿಸುತ್ತಿದ್ದಾನೆ. ಈಗ ಪಂಚರ್ ಆದರೆ ನನ್ನನ್ನು ಏನೂ ಕೇಳುವುದಿಲ್ಲ, ಮೊದಲು ಮೂಟೆ ಇಳಿಸುತ್ತಾನೆ. ನಾನೂ ಗಡಿಯಾರ ನೋಡುವುದಿಲ್ಲ.